ಶಿವರಾತ್ರಿಗೆ ಸುಟ್ಟ ಎಲೆ ಪಂಚಮಿಗೆ ಬೇಕಾಯಿತು: ಧಾರವಾಡದ ಒಂದು ನರ್ಸರಿಯ ಕಸದ ಪ್ರಕರಣ

ನಾನು ಲೆಕ್ಕ ಬರೆಯುವವನು. ಗಿಡದ ಬಗ್ಗೆ ಗೊತ್ತಿರೋದು ಅಷ್ಟಕ್ಕಷ್ಟೇ. ಧಾರವಾಡದ ನಾಲ್ಕೈದು ಸಣ್ಣ ವ್ಯಾಪಾರಗಳ ಖಾತೆ ನೋಡಿಕೊಳ್ಳುತ್ತೇನೆ, ಅದರಲ್ಲಿ ಒಂದು ನರ್ಸರಿಯೂ ಇದೆ. ತಿಂಗಳಿಗೆ ಎರಡು ಸಲ ಹೋಗಿ ಬಿಲ್ಲು, ಚೀಟಿ ಎಲ್ಲ ಕೂಡಿಸಿ ಬರುತ್ತೇನೆ. ಈ ಪ್ರಕರಣ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಖಾತೆಯ ‘ಇತರೆ ಖರ್ಚು’ ಅನ್ನೋ ಸಾಲಿನಲ್ಲಿ.

ಮಾಲೀಕರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಜಾಗದ ಗುರುತನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ, ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ನರ್ಸರಿಯಲ್ಲಿ ಎಲ್ಲರೂ ಮಾಲೀಕರನ್ನು ಅಕ್ಕಾವ್ರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರ ತಂದೆಯ ಕಾಲದಿಂದ ಇರುವ ಹಿರಿಯ ಮಾಲಿಯನ್ನು ಕಾಕಾ ಅನ್ನೋಣ.

ಹಿನ್ನೆಲೆ

ಊರಿನ ಪಶ್ಚಿಮದ ಅಂಚಿನಲ್ಲಿ 30 ಗುಂಟೆ ಜಾಗ. ಸುತ್ತ ಮೊದಲು ಹೊಲ ಇತ್ತು, ಈಗ ಮನೆಗಳು ಬಂದಿವೆ. ವ್ಯಾಪಾರಕ್ಕೆ ಎರಡು ಕಾಲು. ಒಂದು, ಗಿಡ ಮತ್ತು ತರಕಾರಿ ಅಗಿ (ನೆಡುವ ಸಸಿ) ಮಾರೋದು. ಇನ್ನೊಂದು, ಬೇರೆಯವರ ತೋಟ ನೋಡಿಕೊಳ್ಳೋದು: ಸುಮಾರು 60 ಮನೆ, ಎರಡು ಅಪಾರ್ಟ್‌ಮೆಂಟ್, ಒಂದು ಕಾಲೇಜಿನ ಆವರಣ. ಕೆಲಸಕ್ಕೆ ಒಂಬತ್ತು ಜನ.

ಗಿರಾಕಿಗಳ ಮನೆಯಲ್ಲಿ ಹುಲ್ಲು ಕತ್ತರಿಸಿ, ಬೇಲಿ ಸವರಿ, ಎಲೆ ಗುಡಿಸಿ, ಆ ಕಸವನ್ನೆಲ್ಲ ಟಂಟಂನಲ್ಲಿ (ಸಾಮಾನು ಹೇರುವ ಆಟೋ) ಹೇರಿಕೊಂಡು ಬರೋದು ಮೊದಲಿನಿಂದ ನಡೆದ ಪದ್ಧತಿ. ಅಂಗಳ ಚೊಕ್ಕ ಕಂಡರೇ ತೋಟದ ಕೆಲಸ ಆಯಿತು ಅಂತ ಗಿರಾಕಿಗಳ ಲೆಕ್ಕ. ತಂದ ಕಸದಲ್ಲಿ ಸ್ವಲ್ಪ ಹಿತ್ತಲಲ್ಲಿ ಒಟ್ಟಿ, ಒಣಗಿದ ಮೇಲೆ ಸುಡುತ್ತಿದ್ದರು. ಹರಿದ ಕಪ್ಪು ಪಾಲಿಥಿನ್ ಚೀಲಗಳೂ ಅದೇ ಬೆಂಕಿಗೆ. ಉಳಿದಿದ್ದನ್ನು ಟಂಟಂ ಓಡಿಸುವವನೇ ಎಲ್ಲೋ ಒಯ್ದು ಹಾಕುತ್ತಿದ್ದ. ಎಲ್ಲಿ ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಉತ್ತರ ಕೇಳಿಸಿಕೊಳ್ಳಬೇಕಾಗುತ್ತಿತ್ತು, ಅಲ್ವಾ?

2021ರ ಖಾತೆ ಹೇಳುವ ಪ್ರಕಾರ ತಿಂಗಳಿಗೆ ಸರಾಸರಿ 24 ಟ್ರಿಪ್, ಟ್ರಿಪ್ಪಿಗೆ 400 ರೂಪಾಯಿ. ಅಂದರೆ ತಿಂಗಳಿಗೆ 9,600. ಅದೇ ವರ್ಷ ಎಂಟು ಟ್ರ್ಯಾಕ್ಟರ್ ಟ್ರೇಲರ್ ಕೊಟ್ಟಿಗೆ ಗೊಬ್ಬರ ಕೊಂಡಿದ್ದರು, ಒಂದಕ್ಕೆ 4,500. ಎರಡು ಸಾಲನ್ನೂ ನಾನೇ ಬರೆದಿದ್ದೆ, ಬೇರೆ ಬೇರೆ ಪುಟದಲ್ಲಿ. ಎರಡನ್ನೂ ಒಟ್ಟಿಗೆ ನೋಡಬೇಕು ಅಂತ ನನಗೂ ಹೊಳೆದಿರಲಿಲ್ಲ.

ತೊಂದರೆ ಶುರುವಾಗಿದ್ದು

ಧಾರವಾಡದಲ್ಲಿ ಶಿವರಾತ್ರಿಯಿಂದ ಯುಗಾದಿವರೆಗೆ ಎಲೆ ಉದುರುವ ಕಾಲ. ಮಳೆಮರ, ಹೊಂಗೆ, ಗುಲ್‌ಮೊಹರ್ ಎಲ್ಲ ಬೋಳಾಗುತ್ತವೆ. ಕಾಲೇಜಿನ ಆವರಣ ಒಂದರಿಂದಲೇ ದಿನಕ್ಕೆ ಒಂದು ಟಂಟಂ ಎಲೆ ಬರುತ್ತದೆ. 2022ರ ಶಿವರಾತ್ರಿ ಮಾರ್ಚ್ 1ಕ್ಕೆ ಬಂದಿತ್ತು. ಹಬ್ಬದ ಆಚೀಚೆ ಒಂದು ವಾರ ಹಿತ್ತಲಲ್ಲಿ ಬೆಂಕಿ ಆರಲೇ ಇಲ್ಲ.

ಆ ವಾರದ ಕೊನೆಗೆ ಪಕ್ಕದ ಮನೆಯವರು ಬಂದರು. ಕೈಯಲ್ಲಿ ತೊಳೆದು ಒಣಹಾಕಿದ್ದ ಬಿಳಿ ಧೋತರ, ಅದರ ತುಂಬ ಕಪ್ಪು ಚುಕ್ಕೆ. “ಅಕ್ಕಾರ, ನಾ ಜಗಳಾ ಮಾಡಾಕ ಬಂದಿಲ್ಲ. ಅಪ್ಪಗ ಉಬ್ಬಸ ಐತಿ. ರಾತ್ರಿ ಪೂರಾ ಕುಂತ ಇರತಾನ. ಇದನ್ನ ನೀವ ನೋಡ್ರಿ,” ಅಂತ ಧೋತರ ಟೇಬಲ್ ಮೇಲಿಟ್ಟು ಹೋದರು. ಬೈದಿದ್ದರೆ ಅಕ್ಕಾವ್ರೂ ತಿರುಗಿ ಬೈದು ಕೈ ತೊಳೆದುಕೊಳ್ಳುತ್ತಿದ್ದರೇನೋ. ಧೋತರ ಎರಡು ದಿನ ಅಲ್ಲೇ ಇತ್ತು.

ಮುಂದಿನ ವಾರ ಪಾಲಿಕೆಯ ಆರೋಗ್ಯ ನಿರೀಕ್ಷಕರು ಬಂದರು. ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ. ದಂಡ ಹಾಕಲಿಲ್ಲ, ತಿಳಿಸಿ ಹೇಳಿದರು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶ ಮಾಡಿದೆ. ಆಗ ಜಾರಿಯಲ್ಲಿದ್ದ, ಅದೇ ವರ್ಷದ ಘನತ್ಯಾಜ್ಯ ನಿಯಮಗಳಲ್ಲಿ ತೋಟದ ಕಸದ ಮಾತೂ ಇತ್ತು: ಅದು ಹುಟ್ಟಿದ ಜಾಗದಲ್ಲೇ ಬೇರೆಯಾಗಿ ಇಟ್ಟುಕೊಂಡು, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು. ‘ಹುಟ್ಟಿದ ಜಾಗದಲ್ಲೇ’ ಅನ್ನೋದನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ಅದು ಉಪಯೋಗಕ್ಕೆ ಬಂದಿದ್ದು ಮುಂದಿನ ವರ್ಷ.

ಸುಡೋದು ಅವತ್ತೇ ನಿಂತಿತು. ಆ ತಿಂಗಳ ಟಂಟಂ ಬಾಡಿಗೆ 14,000 ದಾಟಿತು.

ಮೊದಲ ಪ್ರಯತ್ನ: ಎರಡು ತೆಗ್ಗು

ಏಪ್ರಿಲ್‌ನಲ್ಲಿ ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳದ ಎರಡು ತೆಗ್ಗು ತೋಡಿಸಿದರು. ಇನ್ನು ಮೇಲೆ ಎಲ್ಲ ಕಸ ಅದರೊಳಗೆ, ಮೇಲೆ ಒಂದಿಷ್ಟು ಸಗಣಿ ರಾಡಿ, ಆರು ತಿಂಗಳಿಗೆ ಗೊಬ್ಬರ. ಯೋಜನೆ ಇಷ್ಟೇ ಇತ್ತು. ಬೇಸಿಗೆಯಲ್ಲಿ ಏನೂ ತೊಂದರೆ ಕಾಣಲಿಲ್ಲ, ಯಾಕಂದರೆ ಬೇಸಿಗೆಯಲ್ಲಿ ಹುಲ್ಲು ಬೆಳೆಯೋದೇ ಕಮ್ಮಿ.

ಜೂನ್ ಕೊನೆಗೆ ಮಳೆ ಹಿಡಿಯಿತು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಜೋರಾಗಿ ಸುರಿದು ಮುಗಿಸೋ ಜಾತಿಯದಲ್ಲ. ಹುಲ್ಲುಹಾಸು ವಾರಕ್ಕೊಮ್ಮೆ ಕತ್ತರಿಸಿದರೂ ಸಾಲದು. ದಿನಕ್ಕೆ ಮೂರು ಕ್ವಿಂಟಲ್‌ವರೆಗೆ ಹಸಿ ಹುಲ್ಲು ಬಂದು ತೆಗ್ಗಿಗೆ ಬಿತ್ತು. ಎರಡು ವಾರದಲ್ಲಿ ತೆಗ್ಗಿನೊಳಗೆ ಗೊಬ್ಬರದ ಬದಲು ಹಸಿರು ಲೋಳೆ. ಕೋಲು ಹಾಕಿದರೆ ಪಚಕ್ ಅಂತಿತ್ತು. ವಾಸನೆ ಗೇಟಿನವರೆಗೆ ಬಂತು. ಪಕ್ಕದ ಮನೆಯವರು ಈ ಸಲ ಬರಲಿಲ್ಲ, ಕಿಟಕಿ ಹಾಕಿಕೊಂಡರು. ಅಕ್ಕಾವ್ರಿಗೆ ಅದು ಇನ್ನೂ ಜಾಸ್ತಿ ಚುಚ್ಚಿತು.

ಕಾರಣ ಕಷ್ಟದ್ದೇನಲ್ಲ. ಹಸಿ ಹುಲ್ಲಿನಲ್ಲಿ ನೀರು ಮತ್ತು ಸಾರಜನಕ ಜಾಸ್ತಿ, ಒಂದರ ಮೇಲೊಂದು ಬಿದ್ದರೆ ಒತ್ತಿಕೊಂಡು ಗಾಳಿಯೇ ಆಡೋದಿಲ್ಲ. ಗಾಳಿ ಇಲ್ಲದ ಕಡೆ ಕೊಳೆಯುತ್ತದೆ, ಕಳಿಯೋದಿಲ್ಲ. ಗೊಬ್ಬರ ಆಗಬೇಕಾದರೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಇಂಗಾಲ ಇರೋದು ಒಣ ಎಲೆ, ಕಡ್ಡಿ, ಹೊಟ್ಟಿನಲ್ಲಿ. ಕೈಲೆಕ್ಕದಲ್ಲಿ ಹೇಳಿದರೆ ಒಂದು ಬುಟ್ಟಿ ಹಸಿ ಹುಲ್ಲಿಗೆ ಎರಡು ಮೂರು ಬುಟ್ಟಿ ಒಣ ಎಲೆ. ತೆಗ್ಗಿನೊಳಗೆ ನೀರು ನಿಲ್ಲೋದು ಬೇರೆ.

ಹಾಗಾದರೆ ಒಣ ಎಲೆ ತಂದು ಹಾಕಿ ಅಂದೆ. ಅಕ್ಕಾವ್ರು ನನ್ನ ಮುಖ ನೋಡಿದರು. ಜುಲೈನಲ್ಲಿ ಒಣ ಎಲೆ ಎಲ್ಲಿಂದ ಬರಬೇಕು?

ಪಂಚಮಿಯ ಮರುದಿನದ ಮಾತು

ಇಡೀ ಪ್ರಕರಣ ತಿರುಗಿದ್ದು ಇಲ್ಲಿ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ.

ನಾಗರ ಪಂಚಮಿಯ ಮರುದಿನ ನಾನು ಹೋದಾಗ ಉಂಡಿ ಕೊಟ್ಟರು. ತಿನ್ನುತ್ತಾ ಕೂತಿದ್ದೆವು. ಹಿಂದಿನ ವಾರ ಅಕ್ಕಾವ್ರು ಶೇಂಗಾ ಮಿಲ್ಲಿನಿಂದ ಹೊಟ್ಟು ತರಿಸಿದ್ದರು, ಆ ಹುಲ್ಲಿನ ಲೋಳೆಗೆ ಬೆರೆಸೋದಕ್ಕೆ. ಬಿಲ್ಲು 3,200 ರೂಪಾಯಿ. ಅದನ್ನು ಯಾವ ಖಾತೆಗೆ ಹಾಕಲಿ ಅಂತ ಕೇಳಿದೆ. ಕಾಕಾ ನಕ್ಕರು.

“ಶಿವರಾತ್ರಿಗೆ ಸುಟ್ಟ ಖಾತೆಕ್ಕ ಹಾಕ್ರಿ,” ಅಂದರು. ಆಮೇಲೆ ತಾವೇ ಮುಂದುವರಿಸಿದರು. “ಒಕ್ಕಲತನದಾಗ ಕಣಕಿ ಬಣವಿ ಒಟ್ಟೂದಿಲ್ಲೇನ್ರಿ? ಸುಗ್ಗ್ಯಾಗ ಸಿಕ್ಕಿದ್ದು ಸುಗ್ಗ್ಯಾಗ ತಿನಿಸಿ ಮುಗಸಿದ್ರ ಮಳಿಗಾಲದಾಗ ದನಾ ಏನ್ ತಿನ್ನಬೇಕು? ನಾವು ಎಲಿ ಬಂದಾಗ ಎಲಿ ಸುಟ್ಟೀವಿ, ಹುಲ್ಲು ಬಂದಾಗ ಹುಲ್ಲು ಕೊಳಸೀವಿ.”

ಕಸಕ್ಕೂ ಸುಗ್ಗಿ ಇದೆ ಅನ್ನೋದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಎಲೆ ಬರೋದು ಫೆಬ್ರವರಿ, ಮಾರ್ಚ್‌ನಲ್ಲಿ. ಹುಲ್ಲು ಬರೋದು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಎರಡೂ ಕೂಡಿದರೆ ಗೊಬ್ಬರ, ಬೇರೆ ಬೇರೆ ಆದರೆ ಒಂದು ಹೊಗೆ, ಇನ್ನೊಂದು ನಾತ. ನಡುವೆ ಇರೋದು ನಾಲ್ಕು ತಿಂಗಳು. ಈ ನಾಲ್ಕು ತಿಂಗಳು ಎಲೆ ಕಾಯ್ದಿಡುವ ಜಾಗ ಬೇಕಿತ್ತು. ನಾವು ತೆಗ್ಗಿಗೆ ರೊಕ್ಕ ಹಾಕಿ ಕೂತಿದ್ದೆವು.

ತೆಗ್ಗು ಮುಚ್ಚಿಸಿದರು. ನೆಲದ ಮೇಲೇ ಐದು ಅಡಿ ಅಗಲದ ಗುಡ್ಡೆ, ಕೆಳಗೆ ದಪ್ಪ ಕಡ್ಡಿಗಳ ಹಾಸು, ಮೇಲೆ ತಾಡಪತ್ರಿ. ವಾರಕ್ಕೊಮ್ಮೆ ತಿರುವಿ ಹಾಕೋದು. ಥರ್ಮಾಮೀಟರ್ ಕೊಳ್ಳಿ ಅಂದೆ. ಕಾಕಾ ಒಂದು ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ ನೋಡುತ್ತಿದ್ದರು. ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿ ಇದ್ದರೆ ಸರಿ ಇದೆ, ಬೆಚ್ಚಗೆ ಮಾತ್ರ ಇದ್ದರೆ ತಿರುವಬೇಕು. ಸರಿಯಾಗಿ ಕಳಿಯುವ ಗುಡ್ಡೆಯ ಒಳಗೆ 55ರಿಂದ 65 ಡಿಗ್ರಿ ಕಾವು ಇರುತ್ತದೆ, ಹಾಗಾಗಿ ಸರಳಿನ ಲೆಕ್ಕ ತಪ್ಪೇನಲ್ಲ. ತೇವಕ್ಕೂ ಒಂದು ಗುರುತು ಇತ್ತು: ಮುಷ್ಟಿಯಲ್ಲಿ ಹಿಂಡಿದರೆ ಉಂಡಿ ಕಟ್ಟಬೇಕು, ನೀರು ಸೋರಬಾರದು.

ಹೊಟ್ಟಿನ ಪುಣ್ಯದಿಂದ ಆ ಮಳೆಗಾಲ ಹೇಗೋ ಮುಗಿಯಿತು.

ಅವಸರದ ಗೊಬ್ಬರ

ಅಕ್ಟೋಬರ್ ಕೊನೆಗೆ ಗುಡ್ಡೆ ಕಪ್ಪಗೆ, ಪುಡಿಪುಡಿಯಾಗಿ ಕಾಣುತ್ತಿತ್ತು. 45 ದಿನ ಆಗಿತ್ತು. ಎಲ್ಲರಿಗೂ ಖುಷಿ. ಅದೇ ಖುಷಿಯಲ್ಲಿ ಒಂದು ತಪ್ಪಾಯಿತು.

ಟೊಮ್ಯಾಟೊ ಅಗಿಗೆ ಒಬ್ಬ ರೈತರು ಮೊದಲೇ ಹೇಳಿ ಹೋಗಿದ್ದರು. ಪ್ರೋ ಟ್ರೇ 40, ಒಂದರಲ್ಲಿ 98 ಗುಳಿ. ಯಾವಾಗಲೂ ತೆಂಗಿನ ನಾರಿನ ಪುಡಿ ಬಳಸುತ್ತಿದ್ದವರು ಈ ಸಲ ಅರ್ಧಕ್ಕರ್ಧ ಹೊಸ ಗೊಬ್ಬರ ಬೆರೆಸಿದರು. ಬೀಜ ಮೊಳೆತಿದ್ದೇ ಕಮ್ಮಿ. ಮೊಳೆತವೂ ಎರಡು ಎಲೆ ಬಿಟ್ಟು ಹಳದಿಯಾಗಿ ನಿಂತವು. ಗೊಬ್ಬರ ನೋಡಲು ಕಳಿತಿತ್ತು, ಒಳಗೆ ಇನ್ನೂ ಕೆಲಸ ನಡೆದಿತ್ತು. ಅರೆಬೆಂದ ಗೊಬ್ಬರದಿಂದ ಅಮೋನಿಯಾ ಹೊರಡುತ್ತದೆ, ಎಳೆ ಬೇರು ಸುಡುತ್ತದೆ. ಕಡ್ಡಿ ಜಾಸ್ತಿ ಇದ್ದರೆ ಅದನ್ನು ಕಳಿಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನೂ ತಾವೇ ತಿನ್ನುತ್ತವೆ.

ಅಕ್ಕಾವ್ರು ಬೇರೆ ನರ್ಸರಿಯಿಂದ ತಮ್ಮ ಕೈಯಿಂದಲೇ ರೊಕ್ಕ ಕೊಟ್ಟು ಅಗಿ ತರಿಸಿ ಆ ರೈತರಿಗೆ ಮುಟ್ಟಿಸಿದರು. ರೈತರು ಎರಡು ಮಾತು ಆಡಿದರು, ಆದರೆ ಮುಂದಿನ ವರ್ಷವೂ ಬಂದರು. ಇವರು ಸುಮ್ನೆ ‘ಬೀಜ ಸರಿ ಇರಲಿಲ್ಲ’ ಅಂದುಬಿಡಬಹುದಿತ್ತು. ಹಾಗೆ ಅನ್ನೋಣ ಅಂತ ಕೆಲಸದವರಲ್ಲಿ ಒಬ್ಬ ಹೇಳಿಯೂ ಇದ್ದ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಅಕ್ಕಾವ್ರು ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಇದೇ. ಕಸಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಿಸಬಹುದು. ಆದರೆ ಅವತ್ತು ಸುಳ್ಳು ಹೇಳಿದ್ದರೆ ಗೊಬ್ಬರ ಪರೀಕ್ಷೆ ಮಾಡುವ ಪದ್ಧತಿ ಹುಟ್ಟುತ್ತಲೇ ಇರಲಿಲ್ಲ.

ಪರೀಕ್ಷೆ ಅಂದರೆ ದೊಡ್ಡದೇನಲ್ಲ. ಒಂದು ಕಪ್ಪಿನಲ್ಲಿ ಗೊಬ್ಬರ, ಇನ್ನೊಂದರಲ್ಲಿ ಬರೀ ಕೆಂಪು ಮಣ್ಣು. ಎರಡಕ್ಕೂ ಹತ್ತು ಹತ್ತು ಹೆಸರು ಕಾಳು. ಐದನೇ ದಿನ ಎಣಿಸೋದು. ಗೊಬ್ಬರದ ಕಪ್ಪಿನಲ್ಲಿ ಮೊಳಕೆ ಕಮ್ಮಿ ಇದ್ದರೆ ಅಥವಾ ಬೇರಿನ ತುದಿ ಕಂದಿದ್ದರೆ ಗುಡ್ಡೆಗೆ ಇನ್ನೂ ಒಂದು ತಿಂಗಳು. ಜೊತೆಗೆ ಇನ್ನೊಂದು: ಒಂದು ಹಿಡಿ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಟ್ಟು ಬಿಚ್ಚಿ ಮೂಸಿ ನೋಡೋದು. ಮಣ್ಣಿನ ವಾಸನೆ ಬಂದರೆ ಪಾಸ್, ಮೂಗಿಗೆ ಹೊಡೆದರೆ ಫೇಲ್. ಹೀಗೆ ಪಾಸಾದ ಗೊಬ್ಬರವೂ ಮುಂದಿನ ಒಂದು ವರ್ಷ ದೊಡ್ಡ ಕುಂಡ ಮತ್ತು ಗಿರಾಕಿಗಳ ತೋಟಕ್ಕೆ ಮಾತ್ರ ಹೋಯಿತು. ಅಗಿಯ ಟ್ರೇಗೆ ಮುಟ್ಟಿಸಲಿಲ್ಲ.

ಕಳೆಯ ಬೀಜದ ತಲೆನೋವು ಇನ್ನೊಂದು. ಮೊದಲ ಗೊಬ್ಬರ ಹಾಕಿದ ಕುಂಡಗಳಲ್ಲಿ ದಾಸವಾಳಕ್ಕಿಂತ ಮೊದಲು ಕಾಂಗ್ರೆಸ್ ಕಸ ಎದ್ದು ನಿಂತಿತು. ಆಮೇಲೆ ಹೂ ಬಿಟ್ಟ ಕಾಂಗ್ರೆಸ್ ಗುಡ್ಡೆಗೆ ಬರಬಾರದು ಅಂತಾಯಿತು. ಹೂ ಬಿಡುವ ಮೊದಲು ಕಿತ್ತರೆ ನಡೆಯುತ್ತದೆ. ಗುಡ್ಡೆಯ ನಡುವಿನ ಕಾವು ಬೀಜ ಕೊಲ್ಲುತ್ತದೆ ನಿಜ, ಆದರೆ ಅಂಚಿನಲ್ಲಿ ಆ ಕಾವು ಇರೋದಿಲ್ಲ. ಜೇಕಿನ ಗಡ್ಡೆ ಮತ್ತು ಕರಿಕೆ ಬೇರಿಗಂತೂ ಗುಡ್ಡೆಯ ಬಾಗಿಲೇ ಬಂದ್. ಅವನ್ನು ಬೇಸಿಗೆಯಲ್ಲಿ ಸಿಮೆಂಟ್ ಕಟ್ಟೆಯ ಮೇಲೆ ಹರಡಿ, ಮುರಿದರೆ ಟಕ್ ಅನ್ನುವವರೆಗೆ ಒಣಗಿಸುತ್ತಾರೆ.

ಕಸ ತರೋದೇ ಬೇಡ ಅಂದರೆ?

2023ರ ಜನವರಿಯಲ್ಲಿ ಡೈರಿ ತಿರುವುವಾಗ ಆ ‘ಹುಟ್ಟಿದ ಜಾಗದಲ್ಲೇ’ ಅನ್ನೋ ಮಾತು ಮತ್ತೆ ಸಿಕ್ಕಿತು. ಅಷ್ಟೂ ಕಸ ಗಿರಾಕಿಗಳ ಮನೆಯಲ್ಲಿ ಹುಟ್ಟಿದ್ದು. ಅದನ್ನು ನಾವು ರೊಕ್ಕ ಕೊಟ್ಟು ಹೊತ್ತು ತಂದು, ಮತ್ತೆ ಕೂಲಿ ಕೊಟ್ಟು ತಿರುವಿ, ಗೊಬ್ಬರ ಮಾಡಿ, ಅದೇ ಮನೆಗೆ ಒಯ್ದು ಹಾಕುತ್ತಿದ್ದೆವು. ಅರ್ಧದಷ್ಟನ್ನು ಅಲ್ಲೇ ಬಿಟ್ಟರೆ?

ಹುಲ್ಲನ್ನು ಸಣ್ಣದಾಗಿ ಕತ್ತರಿಸಿ ಹಾಸಿನ ಮೇಲೇ ಬಿಟ್ಟರೆ ವಾರದಲ್ಲಿ ಕರಗಿ ಹೋಗುತ್ತದೆ, ಹುಲ್ಲಿಗೇ ಗೊಬ್ಬರ. ಎಲೆಗೆ ಮೂಲೆಯಲ್ಲಿ ತಂತಿ ಜಾಳಿಗೆಯ ಒಂದು ಗೂಡು. ಹೇಳೋದು ಸುಲಭ. ಗಿರಾಕಿಗಳು ಒಪ್ಪಬೇಕಲ್ಲ. “ತಿಂಗಳಾ ರೊಕ್ಕಾ ಕೊಡೂದು ಕಸಾ ಒಯ್ಯಾಕ ಅಲ್ಲೇನ್ರಿ?” ಅಂತ ಒಬ್ಬ ತಾಯಿ ಕೇಳಿಯೇಬಿಟ್ಟರು. ಇನ್ನೊಬ್ಬರಿಗೆ ಹಾವಿನ ಭಯ. ನಿಯಮ ತೋರಿಸಿ ಅಂತ ನಾನು ಅಂದೆ, ಅಕ್ಕಾವ್ರು ಬೇಡ ಅಂದರು. ಇಪ್ಪತ್ತು ವರ್ಷದ ಗಿರಾಕಿಗೆ ಕಾಯ್ದೆ ತೋರಿಸಿದರೆ ಗಿರಾಕಿಯೂ ಇರೋದಿಲ್ಲ, ಮಾತೂ ಇರೋದಿಲ್ಲ. ಅವರು ಹೇಳಿದ್ದೇ ಸರಿ.

ಎರಡು ದರ ಮಾಡಿದರು. ಕಸ ಒಯ್ಯಬೇಕು ಅಂದರೆ ಮೊದಲಿನಂತೆ 1,200. ಮನೆಯಲ್ಲೇ ಇಟ್ಟುಕೊಂಡರೆ 1,000. 22 ಮನೆಯವರು ಒಪ್ಪಿದರು. ನಿವೃತ್ತ ಮೇಷ್ಟ್ರೊಬ್ಬರು ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುವಷ್ಟು ಹಚ್ಚಿಕೊಂಡರು. ಒಂದು ಮನೆಯಲ್ಲಿ ಗೂಡಿನ ಕೆಳಗೆ ನಿಜವಾಗಿಯೂ ಕೇರೆ ಹಾವು ಸಿಕ್ಕಿತು. ಕೇರೆ ಏನೂ ಮಾಡೋದಿಲ್ಲ ಅಂತ ಎಷ್ಟು ಹೇಳಿದರೂ ಅವರು ಹಳೆಯ ದರಕ್ಕೆ ವಾಪಸ್ ಹೋದರು. ಅವರ ಜಾಗಕ್ಕೆ ಇನ್ನೊಂದು ಮನೆ ಬಂತು.

ಬಣವಿ, ಹೋಳಿ, ಎಮ್ಮೆ

ಆ ವರ್ಷ ಶಿವರಾತ್ರಿ ಫೆಬ್ರವರಿ 18ಕ್ಕೆ. ಕಾಕಾ ಎಲೆಯ ಬಣವಿ ಒಟ್ಟಲು ಶುರು ಮಾಡಿದರು. ಗುಲ್‌ಮೊಹರ್, ಮಳೆಮರದ ಸಣ್ಣ ಎಲೆ ಒಂದು ಕಡೆ, ಬೇಗ ಕಳಿಯುತ್ತವೆ ಅಂತ. ಮಾವು, ನೀಲಗಿರಿಯ ದಪ್ಪ ಎಲೆ ಇನ್ನೊಂದು ಕಡೆ. ಬಣವಿ ಆಳೆತ್ತರ ಬಂದಾಗ ಹೋಳಿ ಹತ್ತಿರ ಬಂತು. ಕಾಮಣ್ಣನಿಗೆ ಕಟ್ಟಿಗೆ ಕದಿಯುವ ಹುಡುಗರ ಹಾವಳಿ ಈ ಕಡೆಯವರಿಗೆ ಹೇಳಬೇಕಿಲ್ಲ. ಕಾಕಾ ಮೂರು ರಾತ್ರಿ ಬಣವಿ ಕಾಯ್ದರು. ಕೊನೆಗೆ ಹುಡುಗರನ್ನು ಕರೆದು ಒಂದಿಷ್ಟು ದಪ್ಪ ಕೊಂಬೆ ಕೊಟ್ಟು ಕಳಿಸಿದರು. ಸುಡಬಾರದು ಅಂತ ವರ್ಷವಿಡೀ ಗುದ್ದಾಡಿ ಕಾಮಣ್ಣನಿಗೆ ನಾವೇ ಕಟ್ಟಿಗೆ ಕೊಟ್ಟೆವು. ಇರಲಿ.

ಕೊಂಬೆ, ಕಡ್ಡಿಗಾಗಿ ಎರಡು ಎಚ್‌ಪಿ ಮೋಟರಿನ ಮೇವು ಕತ್ತರಿಸುವ ಯಂತ್ರ ಕೊಂಡರು, 28,000 ರೂಪಾಯಿ. ಹೆಬ್ಬೆರಳಿಗಿಂತ ದಪ್ಪದ ಕೊಂಬೆ ಅದಕ್ಕೆ ಹೋಗೋದಿಲ್ಲ, ಬ್ಲೇಡು ಮೊಂಡಾಗುತ್ತದೆ. ದಪ್ಪದ್ದನ್ನು ಒಣಗಿಸಿ, ಜೋಳದ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿಗೆ ಒಲೆಗೆ ಕೊಡುತ್ತಾರೆ. ಕಣಗಿಲೆ ಕಟ್ಟಿಗೆ ಮಾತ್ರ ಕೊಡೋದಿಲ್ಲ. ಅದರ ಹೊಗೆಯೂ ವಿಷ.

ಹಸಿ ಹುಲ್ಲನ್ನು ಹತ್ತಿರದ ಎಮ್ಮೆ ಸಾಕುವವರೊಬ್ಬರು ಪುಕ್ಕಟೆ ಒಯ್ಯಲು ಶುರು ಮಾಡಿದರು. ಎಲ್ಲರಿಗೂ ಅನುಕೂಲ ಅನ್ನಿಸಿತು. ಒಂದು ತಿಂಗಳ ನಂತರ ಕಾಕಾ ರಾತ್ರಿ ಹತ್ತು ಗಂಟೆಗೆ ಅಕ್ಕಾವ್ರಿಗೆ ಫೋನ್ ಮಾಡಿದರು. ಅವತ್ತು ಕೊಟ್ಟ ಹುಲ್ಲಿನಲ್ಲಿ ಒಂದು ಮನೆಯದಕ್ಕೆ ಹಿಂದಿನ ವಾರ ಗೆದ್ದಲಿನ ಔಷಧ ಹೊಡೆದಿದ್ದು ಆಗ ನೆನಪಾಗಿತ್ತು. ಎಮ್ಮೆಯವರ ಮನೆಗೆ ಓಡಿ ಹೋಗಿ ನೋಡಿದರೆ ಹೊರೆ ಇನ್ನೂ ಬಿಚ್ಚಿರಲಿಲ್ಲ. ಅಲ್ಲಿಗೆ ಹುಲ್ಲು ಕೊಡೋದು ಬಂದ್ ಮಾಡಿದರು. ಎರಡು ತಿಂಗಳಾದ ಮೇಲೆ, ಔಷಧ ಹೊಡೆದ ಮನೆಯ ಹುಲ್ಲಿಗೆ ಕೆಂಪು ಬಟ್ಟೆ ಕಟ್ಟುವ ಪದ್ಧತಿ ಮಾಡಿಕೊಂಡು ಮತ್ತೆ ಶುರು ಮಾಡಿದರು. ಪುಕ್ಕಟೆ ಕೊಡುವ ವಸ್ತುವಿಗೂ ಯಾವ ಮನೆಯದು ಅನ್ನೋ ಲೆಕ್ಕ ಬೇಕು ಅಂತ ನನಗೆ ಅವತ್ತು ಗೊತ್ತಾಯಿತು.

ಪ್ಲಾಸ್ಟಿಕ್

ಇದರಲ್ಲಿ ಹೇಳಿಕೊಳ್ಳುವಂಥದ್ದು ಕಮ್ಮಿ. ಎಂಟು ಇಂಚಿಗಿಂತ ದೊಡ್ಡ ಕುಂಡ ವಾಪಸ್ ತಂದರೆ 10 ರೂಪಾಯಿ ಅಂತ ಬೋರ್ಡ್ ಹಾಕಿದರು, ತಕ್ಕಮಟ್ಟಿಗೆ ಬರುತ್ತವೆ. ಬಂದ ಕುಂಡದ ಹಳೆ ಮಣ್ಣನ್ನು ಏಪ್ರಿಲ್, ಮೇ ಬಿಸಿಲಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಡಿ ಐದಾರು ವಾರ ಕಾಯಿಸಿ ಮತ್ತೆ ಬಳಸುತ್ತಾರೆ. ಗಿಡ ಒಯ್ಯಲು ಕೊಡುತ್ತಿದ್ದ ತೆಳು ಕೈಚೀಲ ಹೋಗಿ ಹಳೆ ಪೇಪರ್, ಸುತಳಿ ಬಂದಿವೆ. 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲ ಹೇಗೂ ಕೊಡುವಂತಿಲ್ಲ.

ಹರಿದ ಕಪ್ಪು ಪಾಲಿಥಿನ್ ಚೀಲಗಳದ್ದೇ ದೊಡ್ಡ ಫಜೀತಿ. ಮಣ್ಣು ಮೆತ್ತಿದ ಚೀಲವನ್ನು ಗುಜರಿಯವನು ಮುಟ್ಟೋದಿಲ್ಲ. ತೊಳೆಯೋಣ ಅಂದರೆ ನಳದ ನೀರು ಬರೋದೇ ಎಷ್ಟೋ ದಿನಕ್ಕೊಮ್ಮೆ. ಕಾಕಾ ಎರಡು ದಿನ ಬಿಸಿಲಿಗೆ ಹಾಕಿ ಆಮೇಲೆ ಬಡಿಗೆಯಿಂದ ಬಡಿಸಿದರು, ರಾಶಿ ಮಾಡಿದ ಹಾಗೆ. ಕೆಂಪು ಮಣ್ಣು ಉದುರಿ ಹೋಯಿತು. ಎರೆ ಮಣ್ಣು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಅವತ್ತಿನಿಂದ ಚೀಲ ತುಂಬಲು ಎರೆ ಮಣ್ಣು ಬಳಸೋದೇ ನಿಲ್ಲಿಸಿದರು. ಬಡಿದ ಚೀಲಕ್ಕೆ ಗುಜರಿಯಲ್ಲಿ ಕೆಜಿಗೆ ಆರು ರೂಪಾಯಿ. ಚಹಾ ಖರ್ಚಿಗಾಯಿತು ಅನ್ನಿ.

ಲೆಕ್ಕ

ಈಗ ನನ್ನ ಕೆಲಸ. 2023ರ ಕೊನೆಗೆ ಕೂಡಿಸಿ ನೋಡಿದಾಗ ಟಂಟಂ ಟ್ರಿಪ್ ತಿಂಗಳಿಗೆ ಸರಾಸರಿ 24ರಿಂದ 7ಕ್ಕೆ ಇಳಿದಿತ್ತು. ಉಳಿತಾಯ 6,800. ಗೊಬ್ಬರದ ಟ್ರೇಲರ್ ಎಂಟರಿಂದ ಮೂರಕ್ಕೆ ಬಂದಿದ್ದರಿಂದ ತಿಂಗಳಿಗೆ 1,875. ಒಟ್ಟು 8,675. ಖರ್ಚಿನ ಕಡೆ ಗುಡ್ಡೆ ತಿರುವುವ ಆಳಿನ ಕೂಲಿ 3,600, ಗಿರಾಕಿಗಳಿಗೆ ಬಿಟ್ಟ 200 ರೂಪಾಯಿಯಂತೆ 22 ಮನೆಗೆ 4,400. ಒಟ್ಟು 8,000. ಕೈಯಲ್ಲಿ ಉಳಿದಿದ್ದು ತಿಂಗಳಿಗೆ 675 ರೂಪಾಯಿ. ಈ ದರದಲ್ಲಿ ಯಂತ್ರದ ರೊಕ್ಕ ವಾಪಸ್ ಬರಲು ಮೂರೂವರೆ ವರ್ಷ ಬೇಕು.

ಇನ್ನೂ ಒಂದು ಮಾತು ಮುಚ್ಚಿಡುವಂತಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತ್ತು, ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾಗಿತ್ತು. ಹುಲ್ಲೇ ಕಮ್ಮಿ ಇತ್ತು. ಹಾಗಾಗಿ ಆ 7 ಟ್ರಿಪ್ಪಿನಲ್ಲಿ ನಮ್ಮ ಜಾಣತನ ಎಷ್ಟು, ಬರದ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳಲು ಆಗೋದಿಲ್ಲ.

ಇದನ್ನೆಲ್ಲ ಅಕ್ಕಾವ್ರ ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ, “ಲಾಭ ಇಲ್ಲ ಖರೆ. ಆದ್ರ ಇನ್ನೂರು ರೂಪಾಯಿ ಯಾಕ ಬಿಟ್ವಿ ನಾವು?” ಅಂದರು. ಒಪ್ಪಿದವರಲ್ಲಿ ಎಷ್ಟು ಮಂದಿ ರೊಕ್ಕಕ್ಕಾಗಿ ಒಪ್ಪಿದ್ದರು? ಹೋಗಿ ಕೇಳಿದರು. ಮೇಷ್ಟ್ರು ತಮಗೆ ಕಡಿಮೆ ಮಾಡಿದ್ದಾರೆ ಅನ್ನೋದನ್ನೇ ಗಮನಿಸಿರಲಿಲ್ಲ. 2024ರ ಶುರುವಿನಿಂದ ರಿಯಾಯಿತಿ ಬದಲು ಯುಗಾದಿಗೆ ಮತ್ತು ದೀಪಾವಳಿಗೆ ಹತ್ತು ಕೆಜಿ ಗೊಬ್ಬರದ ಚೀಲ ಕೊಡುತ್ತೇವೆ ಅಂದರು. ನಾಲ್ಕು ಮನೆಯವರು ಮಾತ್ರ ರೊಕ್ಕವೇ ಬೇಕು ಅಂದರು, ಅವರಿಗೆ ಬಿಟ್ಟಿದ್ದು ತಿಂಗಳಿಗೆ ಒಟ್ಟು 800. ಹೊಸದಾಗಿ ಸೇರಿ ಮನೆಗಳು 31 ಆದವು. ಆ ವರ್ಷ ಮಳೆ ಚೆನ್ನಾಗಿ ಆಯಿತು, ಟ್ರಿಪ್ 8ಕ್ಕೆ ಏರಿತು. ಆದರೂ ತಿಂಗಳಿಗೆ 3,875 ಉಳಿಯಿತು, ಮಳೆಗಾಲ ಶುರುವಾಗುವ ಹೊತ್ತಿಗೆ ಯಂತ್ರದ ರೊಕ್ಕ ಮುಟ್ಟಿತ್ತು. ಬಣವಿ ಸೆಪ್ಟೆಂಬರ್ ಮೊದಲ ವಾರದವರೆಗೆ ಬಂತು. ಕೊನೆಯ ಮೂರು ವಾರಕ್ಕೆ ಮತ್ತೆ ಹೊಟ್ಟು ಕೊಂಡೆವು, 900 ರೂಪಾಯಿಯದು.

ಬಗೆಹರಿಯದೆ ಉಳಿದಿರೋದು ಔಷಧದ ಖಾಲಿ ಬಾಟಲಿ. ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಹಾಕಿ, ಯಾರೂ ಮತ್ತೆ ಬಳಸದ ಹಾಗೆ ತೂತು ಮಾಡಿ, ಬೀಗ ಹಾಕಿದ ಒಂದು ದೊಡ್ಡ ಡ್ರಮ್ಮಿನಲ್ಲಿ ಇಡುತ್ತಾರೆ. ಗುಜರಿಗೆ ಕೊಟ್ಟರೆ ಯಾರ ಮನೆಯ ಎಣ್ಣೆ ಬಾಟಲಿ ಆಗುತ್ತದೋ ಅಂತ ಅಕ್ಕಾವ್ರಿಗೆ ಹೆದರಿಕೆ. ಮಾರಿದ ಅಂಗಡಿಯವರು ವಾಪಸ್ ತಗೊಳ್ಳೋದಿಲ್ಲ ಅಂದಿದ್ದಾರೆ. ಕಳೆದ ತಿಂಗಳು ನೋಡಿದಾಗ ಡ್ರಮ್ ಮುಕ್ಕಾಲು ತುಂಬಿತ್ತು.